ಸ್ಪೀಕರ್ ಗುಂಯ್ ಎನ್ನುತ್ತಿದೆಯೇ? ಅರ್ಥಿಂಗ್ ಪಿನ್ ಮುರಿಯಬೇಡಿ

‘ಆಂಪ್ಲಿಫೈಯರ್ ಗುಂಯ್ ಎಂದರೆ ಪ್ಲಗ್ಗಿನ ದಪ್ಪ ಪಿನ್ ಮುರಿದುಬಿಡಿ, ಸದ್ದು ನಿಲ್ಲುತ್ತದೆ’ ಎಂಬ ಸಲಹೆ ನಿಮ್ಮ ಗ್ರೂಪಿಗೂ ಬಂದಿರಬಹುದು. ಸದ್ದೇನೋ ಎಷ್ಟೋ ಸಲ ನಿಲ್ಲುತ್ತದೆ. ಅಪಾಯ ಇರುವುದೂ ಅಲ್ಲೇ: ನಿಂತದ್ದನ್ನು ಕಂಡವರು ಮೆಸೇಜನ್ನು ಮುಂದಕ್ಕೆ ಕಳಿಸುತ್ತಾರೆ.

ದಾವಣಗೆರೆಯಲ್ಲಿ ಯುಬಿಡಿಟಿ ಕಾಲೇಜು ಶುರುವಾದದ್ದು 1951ರಲ್ಲಿ. ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಇಲ್ಲಿ ಕೊರತೆಯಿಲ್ಲ. ಪ್ರಾಜೆಕ್ಟಿಗೆಂದು ಕೊಂಡ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಆಮೇಲೆ ಮನೆಯ ಹಾಡಿನ ಪೆಟ್ಟಿಗೆಯಾಗುತ್ತದೆ. ಗಣೇಶನ ಹಬ್ಬ ಬಂತೆಂದರೆ ಅದೇ ಪೈ ಹರಿಹರದ ಯಾವುದೋ ಪೆಂಡಾಲಿನ ಆಂಪ್ಲಿಫೈಯರ್‌ಗೂ ಜೋಡಣೆಯಾಗಬಹುದು. ಗುಂಯ್ ಶುರುವಾಗುವುದು ಆಗಲೇ.

ಕಾರಣ ಸರಳ. ಪೈಗೆ ಎಚ್‌ಡಿಎಂಐ ಕೇಬಲ್‌ನಲ್ಲಿ ಮಾನಿಟರ್ ಸೇರಿಸಿದ್ದೀರಿ, ಅದಕ್ಕೆ ಅರ್ಥಿಂಗ್ ಇದೆ. ಆಂಪ್ಲಿಫೈಯರ್‌ಗೂ ಇದೆ. ಇವೆರಡರ ನಡುವೆ ಆಡಿಯೊ ತಂತಿ ಎಳೆದ ಕೂಡಲೇ ತಾಮ್ರದ ಒಂದು ಸುತ್ತು ಪೂರ್ಣವಾಗುತ್ತದೆ. ಅದರಲ್ಲಿ ಹರಿಯುವ ಸಣ್ಣ ಕರೆಂಟು ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಲಯದಲ್ಲೇ ಗುಂಯ್‌ಗುಡುತ್ತದೆ. ಪಿನ್ ಮುರಿದರೆ ಸುತ್ತು ತುಂಡಾಗುವುದು ನಿಜ. ಆದರೆ ನಾಳೆ ಒಳಗಿನ ಫೇಸ್ ತಂತಿ ಲೋಹದ ಡಬ್ಬಿಗೆ ತಾಗಿದರೆ ಫ್ಯೂಸ್ ಹಾರುವುದಿಲ್ಲ. ಡಬ್ಬಿಯ ಮೇಲೆ 230 ವೋಲ್ಟ್ ಹಾಗೇ ಕೂತಿರುತ್ತದೆ. ಆಂಪ್ಲಿಫೈಯರ್‌ನಿಂದ ಬಂದ ಮೈಕ್ ಹಿಡಿದವರ ಕೈಗೆ ಅದೇ ತಲುಪುತ್ತದೆ. ಕಾಲು ಒದ್ದೆ ನೆಲದ ಮೇಲಿದ್ದರಂತೂ ಹೇಳುವುದೇ ಬೇಡ.

ತುಂಡು ಮಾಡಬೇಕಾದದ್ದು ತಾಮ್ರದ ಆಡಿಯೊ ತಂತಿಯನ್ನು. ಅದರ ಬದಲು ಆಪ್ಟಿಕಲ್ ಕೇಬಲ್ ಹಾಕಿ. ಅದರಲ್ಲಿ ಹೋಗುವುದು ಕೆಂಪು ಬೆಳಕು, ಕರೆಂಟಲ್ಲ. ಹಾಗಾಗಿ ಸುತ್ತೇ ಆಗದು. ಪೈನಲ್ಲಿ ಆಪ್ಟಿಕಲ್ ರಂಧ್ರವಿಲ್ಲ. ಅದರ ಪಿನ್‌ಗಳ ಮೇಲೆ ಕೂರುವ ಡಿಜಿಟಲ್ ಆಡಿಯೊ ಬೋರ್ಡ್ ಸಿಗುತ್ತದೆ. ಇಲ್ಲವೇ ಎಚ್‌ಡಿಎಂಐನಿಂದ ಆಡಿಯೊ ಬೇರ್ಪಡಿಸಿ ಕೊಡುವ ಎಕ್ಸ್‌ಟ್ರಾಕ್ಟರ್ ಡಬ್ಬಿ ಸಾಕು, ಪೈನ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಎಚ್‌ಡಿಎಂಐ ಎಂದಿರಲಿ. ಹಳೆಯ ಪೈಗಳ ಹೆಡ್‌ಫೋನ್ ರಂಧ್ರ ಡಿಜಿಟಲ್ ಅಲ್ಲ, ಅದರ ತಂತಿಯನ್ನು ಡಿಜಿಟಲ್ ಸಾಕೆಟ್ಟಿಗೆ ಚುಚ್ಚಿದರೆ ಹಾಡು ಬಾರದು. 2023ರ ಪೈ 5ರಲ್ಲಿ ಆ ರಂಧ್ರವನ್ನೇ ತೆಗೆದಿದ್ದಾರೆ.

ಅಂಗಡಿಯಲ್ಲಿ ‘ಚಿನ್ನದ ಲೇಪನದ ಆಪ್ಟಿಕಲ್ ಕೇಬಲ್, ಬೇಸ್ ಜಾಸ್ತಿ’ ಎಂದರೆ ನಕ್ಕು ಮುಂದೆ ಹೋಗಿ. ಬೆಳಕಿಗೆ ಚಿನ್ನವೇಕೆ? ಸಿ.ಡಿ. ಗುಣಮಟ್ಟದ ಹಾಡೆಂದರೆ ಸೆಕೆಂಡಿಗೆ 14,11,200 ಸೊನ್ನೆ-ಒಂದುಗಳು. ಅಗ್ಗದ ಕೇಬಲ್ಲೂ ಅವನ್ನು ಸರಿಯಾಗಿ ಮುಟ್ಟಿಸುತ್ತದೆ. ಕೇಬಲ್ ಕೆಟ್ಟರೆ ಸದ್ದು ಕಡಿದು ಕಡಿದು ಬರುತ್ತದೆ ಅಥವಾ ನಿಲ್ಲುತ್ತದೆ, ಬೇಸ್ ಮಾತ್ರ ಕಡಿಮೆಯಾಗುವುದಿಲ್ಲ.

ಆಂಪ್ಲಿಫೈಯರ್‌ನಲ್ಲಿ ಆಪ್ಟಿಕಲ್ ಸಾಕೆಟ್ ಇಲ್ಲವೇ? ಅದರ ಪಕ್ಕದಲ್ಲೇ ಸಣ್ಣದೊಂದು ಡಿಎಸಿ ಡಬ್ಬಿ ಇಡಿ. ಅಷ್ಟು ಖರ್ಚು ಬೇಡವೆಂದರೆ ಆಡಿಯೊ ತಂತಿಯ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ ನೋಡಿ. ಪಿನ್ ಈಗಾಗಲೇ ಮುರಿದಿದ್ದರೆ ಇವತ್ತೇ ಪ್ಲಗ್ ಬದಲಿಸಿ, ಸಾಕೆಟ್ಟಿನ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ.