ದೊಡ್ಡೋರ ಆಟಿಸಂ ಪರೀಕ್ಷೆ: ಹೊರಡೋ ಮುಂಚೆ ಅಮ್ಮನ ಹತ್ರ ಕೂತ್ಕೊಳ್ಳಿ

ಅರಳಗುಪ್ಪೆ: ಕೊಬ್ಬರಿ ಆರಿಸೋದ್ರಲ್ಲಿ ಅವನ ಕಣ್ಣು ತಪ್ಪಲ್ಲ. ಆದ್ರೆ ಮಂಡಿಯಲ್ಲಿ ನಾಲ್ಕು ಜನ ಒಟ್ಟಿಗೆ ಕೂಗಾಡಿದ್ರೆ ಕಿವಿ ಮುಚ್ಕೊಂಡು ಹೊರಗೆ ಹೋಗ್ತಾನೆ. ಮುಖ ನೋಡಿ ಮಾತಾಡಲ್ಲ. ಊಟದ ಹೊತ್ತು ತಪ್ಪಿದ್ರೆ ತಳಮಳ. ಊರು ಇಟ್ಟಿರೋ ಹೆಸರು ‘ತಿಕ್ಲ’. ಇಂಥೋರೊಬ್ಬರು ನಿಮ್ಮ ಬೀದಿಯಲ್ಲೂ ಇರಬಹುದು.

ಹೀಗಿದ್ದೋರಿಗೆಲ್ಲ ಆಟಿಸಂ ಅಂತಲ್ಲ. ಆದ್ರೆ ಅದು ಮಕ್ಕಳಿಗೆ ಮಾತ್ರ ಅನ್ನೋದೂ ತಪ್ಪು. ಮಗುವಾಗಿದ್ದಾಗ ಯಾರೂ ಗುರುತಿಸದೆ ದೊಡ್ಡೋರಾದವರು ಬೇಕಾದಷ್ಟಿದ್ದಾರೆ.

ಮೊದಲು ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರೋ ದಿನ ಕೇಳ್ಕೊಳ್ಳಿ. ಪೂರ್ತಿ ಪರೀಕ್ಷೆಗೆ ತುಮಕೂರು ಜಿಲ್ಲಾಸ್ಪತ್ರೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾಗಬಹುದು. ಹೊರಡೋ ಮುಂಚೆ ಏನಾದ್ರೂ ಕೇಳಬೇಕಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಆಟಿಸಂ ಇದೆಯೋ ಇಲ್ವೋ ಅಂತ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಹೇಳಲ್ಲ. ಇಡೀ ಪರೀಕ್ಷೆ ನಡೆಯೋದು ಮಾತಲ್ಲಿ. ಗೆಳೆಯರಿದ್ರಾ, ಸದ್ದು, ವಾಸನೆ, ಬಟ್ಟೆ ತಡಿಯಕ್ಕಾಗಲ್ವಾ, ಕೆಲಸ ಯಾಕೆ ಬಿಟ್ರಿ ಅಂತ ಕೇಳ್ತಾರೆ. ಆತಂಕ, ಖಿನ್ನತೆ ಇದೆಯಾ ಅಂತಲೂ ನೋಡ್ತಾರೆ. ಒಂದೇ ಸಲಕ್ಕೆ ಮುಗಿಯದೆ ಇರಬಹುದು.

ತೊಡಕು ಇರೋದು ಇಲ್ಲಿ. ಆಟಿಸಂ ಶುರುವಾಗೋದು ಚಿಕ್ಕಂದಿನಲ್ಲೇ. ಹಂಗಾಗಿ ಡಾಕ್ಟರಿಗೆ ಬಾಲ್ಯದ ವಿವರ ಬೇಕು. ನಮ್ಮ ಕಡೆ ಕಾಗದಪತ್ರ ಕಮ್ಮಿ, ಇರೋದು ಅಮ್ಮನ ನೆನಪು. ಆ ಅಮ್ಮನೇ ಮದುವೆ ಸಂಬಂಧ ತಪ್ಪಿಹೋದೀತು ಅನ್ನೋ ಭಯಕ್ಕೆ ‘ಆಗ ಚೆನ್ನಾಗೇ ಇದ್ದ ಸಾರ್’ ಅಂದ್ಬಿಟ್ರೆ ಪರೀಕ್ಷೆ ದಾರಿ ತಪ್ಪುತ್ತೆ. ಮಾತು ಯಾವಾಗ ಬಂತು, ಹೇಗೆ ಆಡ್ತಿದ್ದ, ಯಾವುದಕ್ಕೆ ಹಟ ಮಾಡ್ತಿದ್ದ, ಇದನ್ನೆಲ್ಲ ಮನೇಲೇ ಬರ್ಕೊಂಡು ಹೋಗಿ. ಅಮ್ಮ ಇಲ್ಲದಿದ್ರೆ ಅಕ್ಕನೋ ದೊಡ್ಡಮ್ಮನೋ ಜೊತೆಗಿರಲಿ.

ಡಾಕ್ಟರ್ ಆಟಿಸಂ ಅಂದ ಮಾತ್ರಕ್ಕೆ ಸವಲತ್ತು ಬರಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯಲ್ಲಿ ಆಟಿಸಂ ಇದೆ, ಆದ್ರೆ ಮೀಸಲಾತಿಗೆ ಕನಿಷ್ಠ ಶೇ 40 ಅಂತ ಪ್ರಮಾಣಪತ್ರ ಬೇಕು. ಅದಕ್ಕೆ ಯುಡಿಐಡಿ ಪೋರ್ಟಲ್‌ನಲ್ಲಿ ಬೇರೆ ಅರ್ಜಿ. ಅಲ್ಲಿನ ಅಳತೆಗೋಲು ‘ಇಸಾ’: 40 ಅಂಶ, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಮ್ಮಿ ಬಂದ್ರೆ ಆಟಿಸಂ ಲೆಕ್ಕಕ್ಕೇ ಬರಲ್ಲ. ಕಷ್ಟ ಮುಚ್ಚಿಟ್ಟು ನಗೋದು ಕಲಿತೋರಿಗೆ ಇಲ್ಲಿ ಅಂಕ ಕಮ್ಮಿ ಬೀಳಬಹುದು.

ಹಂಗಾದ್ರೆ ಹೋಗಿ ಏನು ಲಾಭ? ಆಟಿಸಂ ಹೋಗಲಾಡಿಸೋ ಮಾತ್ರೆ ಇಲ್ಲ ನಿಜ. ಆದ್ರೆ ಆತಂಕಕ್ಕೆ, ನಿದ್ದೆಗೆಡೋದಕ್ಕೆ ಚಿಕಿತ್ಸೆ ಇದೆ. ಯಜಮಾನರು ಅವನನ್ನ ಗಲ್ಲಾದ ಹತ್ರ ಕೂರಿಸೋ ಬದಲು ಹಿಂದಿನ ಗೋಡೌನ್‌ನಲ್ಲಿ ಕೊಬ್ಬರಿ ಆರಿಸೋಕೆ ಬಿಡಬಹುದು, ಕೆಲಸ ಬದಲಾಗೋದಿದ್ರೆ ಹಿಂದಿನ ದಿನವೇ ಹೇಳಬಹುದು. ‘ತಿಕ್ಲ’ ಅನ್ನೋದು ನಿಲ್ಲಿಸೋಕಂತೂ ಯಾವ ಸರ್ಟಿಫಿಕೇಟೂ ಬೇಕಿಲ್ಲ.