ಕೊನೇ ಟ್ರಿಪ್ ಕಟ್ ಆದರೆ ಪೇಟೆಯೂ ಕಟ್!

ಟಿಕೆಟ್ ಫ್ರೀ ಆಯಿತು, ಬಸ್ಸು ಮಾತ್ರ ಬರಲಿಲ್ಲ. ಮಲೆನಾಡಿನ ಒಳದಾರಿಗಳ ಇವತ್ತಿನ ಪರಿಸ್ಥಿತಿ ಇದು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಕಾಸು ಕೊಡದೆ ಓಡಾಡಬಹುದು. ಒಳ್ಳೆ ಕೆಲಸವೇ, ಎರಡು ಮಾತಿಲ್ಲ. 2025ರ ಜುಲೈ ಹೊತ್ತಿಗೆ 500 ಕೋಟಿ ಟಿಕೆಟ್ ಹರಿದದ್ದೂ ಆಯಿತು. ಆದರೆ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರ ಕಡೆಯ ಗುಡ್ಡದ ಹಾದಿಗಳಲ್ಲಿ ಲಾಗಾಯ್ತಿನಿಂದ ಹೆಚ್ಚಾಗಿ ಓಡಿದ್ದು ಖಾಸಗಿ ಬಸ್ಸು. ಖಾಸಗಿ ಬಸ್ಸಿನಲ್ಲಿ ಶಕ್ತಿ ನಡೆಯೋದಿಲ್ಲ. ಸರ್ಕಾರಿ ಬಸ್ಸು ಬರುವ ಮೇನ್ ರೋಡಿನವರಿಗೆ ಪುಕ್ಕಟೆ ಪ್ರಯಾಣ, ಅಲ್ಲಿಂದ ಆರು ಮೈಲಿ ಒಳಗಿರುವವರಿಗೆ ಪೂರಾ ಚಾರ್ಜು. ಅದೂ ಬಸ್ಸು ಬಂದರೆ!

ಯಾಕೆ ಹೀಗೆ? ಮಾಲೀಕರು ದುರಾಸೆಯವರು, ಅಧಿಕಾರಿಗಳು ಸೋಮಾರಿಗಳು ಅಂತ ಬೈದು ಕೈತೊಳೆದುಕೊಳ್ಳಬಹುದು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದಿನಾ ಅದೇ ನಡೀತಿದೆ. ಅದರಿಂದ ಒಂದು ಟ್ರಿಪ್ಪೂ ಹೆಚ್ಚಾಗಿಲ್ಲ. ಲೆಕ್ಕ ನೋಡೋಣ.

ಗುಡ್ಡದ ಲೆಕ್ಕವೇ ಬೇರೆ

ಬಯಲುಸೀಮೆಯಲ್ಲಿ ಊರು ಅಂದರೆ ಒಂದೇ ಕಡೆ ಗುಂಪಾಗಿರುವ ಮನೆಗಳು. ಬಸ್ಸು ಒಂದು ಸಲ ನಿಂತರೆ ಮೂವತ್ತು ಜನ ಹತ್ತಿದರು. ಮಲೆನಾಡಿನಲ್ಲಿ ಕಣಿವೆಗೆರಡು ಮನೆ, ತೋಟದ ತಲೆಗೊಂದು ಮನೆ. ಮೂವತ್ತು ಜನ ಹತ್ತಬೇಕಾದರೆ ಹದಿನೈದು ಕಡೆ ನಿಲ್ಲಬೇಕು. ನಿಂತು ನಿಂತು ಏರುವ ಬಸ್ಸು ಸೆಕೆಂಡ್ ಗೇರಿನಲ್ಲೇ ಉಸಿರುಬಿಡುತ್ತೆ. ಡೀಸೆಲ್ ಜಾಸ್ತಿ, ಕ್ಲಚ್ ಪ್ಲೇಟು ಬೇಗ ಸವೆತ, ಬ್ರೇಕ್ ಲೈನರ್ ಬೇಗ ಬದಲು. ಮಳೆಗಾಲದಲ್ಲಿ ಮರ ಬಿತ್ತು, ಧರೆ ಕುಸಿಯಿತು ಅಂದರೆ ಆ ದಿನದ ಕಲೆಕ್ಷನ್ ಸೊನ್ನೆ.

ಖರ್ಚು ಗುಡ್ಡದ್ದು, ಕಲೆಕ್ಷನ್ ಹಳ್ಳಿಯದು. ಸೀಟಿನ ಲೆಕ್ಕದಲ್ಲಿ ಕಟ್ಟುವ ತೆರಿಗೆಗೆ ಮಾತ್ರ ಈ ಭೇದ ಗೊತ್ತಿಲ್ಲ. ವಿಮೆಯ ಕಂತೂ ಅಷ್ಟೆ.

ಸರ್ಕಾರಿ ನಿಗಮ ನೋಡುವುದು ಇನ್ನೊಂದು ಲೆಕ್ಕ: ಒಂದು ಕಿಲೋಮೀಟರಿಗೆ ಎಷ್ಟು ಆದಾಯ ಬಂತು? ಈ ತಕ್ಕಡಿಯಲ್ಲಿ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ಯಾವಾಗಲೂ ಭಾರ, ಗುಡ್ಡದ ಹಳ್ಳಿಯ ಬಸ್ಸು ಯಾವಾಗಲೂ ಹಗುರ. ಬಸ್ಸು, ಡ್ರೈವರ್ ಕಮ್ಮಿ ಬಿದ್ದ ದಿನ ಮೊದಲು ಕತ್ತರಿ ಬೀಳುವುದು ಎಲ್ಲಿಗೆ ಅಂತ ಬಿಡಿಸಿ ಹೇಳಬೇಕೆ?

ಕೊಪ್ಪದ ಪಾಠ

ಈ ಲೆಕ್ಕವನ್ನೇ ಉಲ್ಟಾ ಹಾಕಿ ತೋರಿಸಿದವರು ನಮ್ಮವರೇ ಇದ್ದರು. ಕೊಪ್ಪದ ಶಂಕರ್ ಕಂಪನಿಯಲ್ಲಿ ಕಾರ್ಮಿಕರ ತಕರಾರು ಬಂದು ಬಸ್ಸು ನಿಂತಾಗ, 1991ರಲ್ಲಿ ಅದೇ ಡ್ರೈವರು, ಕಂಡಕ್ಟರುಗಳು ಸೇರಿ ಸಹಕಾರ ಸಾರಿಗೆ ಕಟ್ಟಿದರು. ಕೈಬೆರಳಲ್ಲಿ ಎಣಿಸುವಷ್ಟು ಬಸ್ಸಿನಿಂದ ಶುರುವಾದದ್ದು ಎಪ್ಪತ್ತರ ಆಸುಪಾಸಿಗೆ ಬೆಳೆಯಿತು. ಸ್ಟಿಯರಿಂಗ್ ಹಿಡಿದವನೇ ಮಾಲೀಕ. ಲಾಭದ ರೂಟಿನ ದುಡ್ಡಿನಲ್ಲಿ ನಷ್ಟದ ರೂಟನ್ನೂ ಸಾಕಿದರು. ದೇಶದ ಬೇರೆ ಕಡೆಯವರು ಬಂದು ನೋಡಿ ಹೊಗಳಿ ಹೋದ ಸಂಸ್ಥೆ ಅದು.

ಕೊನೆಗೆ ಡೀಸೆಲ್, ವಿಮೆ, ತೆರಿಗೆ, ಬಿಡಿಭಾಗ ಎಲ್ಲದರ ಬೆಲೆ ಏರಿತು, ಕಲೆಕ್ಷನ್ ಏರಲಿಲ್ಲ. 2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆಯ ಬಸ್ಸುಗಳು ನಿಂತವು. ಕೊರೊನಾ ಲಾಕ್‌ಡೌನ್ ಬಂದದ್ದು ಆಮೇಲೆ. ಅಂದರೆ ನೆಪ ಹೇಳೋದಕ್ಕೂ ಕೊರೊನಾ ಸಿಗಲಿಲ್ಲ.

ಇಲ್ಲಿರುವ ಪಾಠ ಗಮನಿಸಿ. ದುರಾಸೆಯ ಮಾಲೀಕ ಇಲ್ಲ, ಕೆಲಸಗಾರರೇ ಯಜಮಾನರು, ಜನರ ಪ್ರೀತಿ ಬೆನ್ನಿಗಿತ್ತು. ಆದರೂ ಉಳಿಯಲಿಲ್ಲ. ಗುಡ್ಡದ ಹಳ್ಳಿಗೆ ಬಸ್ಸು ಓಡಿಸುವ ನಷ್ಟವನ್ನು ಓಡಿಸುವವನೊಬ್ಬನ ತಲೆಗೇ ಕಟ್ಟಿದರೆ ಯಾವ ಒಳ್ಳೆತನವೂ ಬಹಳ ದಿನ ಬಾಳೋದಿಲ್ಲ.

ಅಂಗಡಿಯವರೇ, ಇದು ನಿಮ್ಮ ಸುದ್ದಿ

ಬಸ್ಸಿನ ವಿಷಯ ಬಸ್ಸಿನವರಿಗೆ ಅಂತ ಗಲ್ಲಾಪೆಟ್ಟಿಗೆ ಹಿಂದೆ ಕೂತವರು ತಿಳಿದಿದ್ದರೆ ಅದು ತಪ್ಪು. ಸಂಜೆ ಏಳರ ಬಸ್ಸು ನಿಂತು ಐದರದ್ದೇ ಕೊನೇ ಬಸ್ಸಾದರೆ, ಪೇಟೆಯ ವ್ಯಾಪಾರ ನಾಲ್ಕೂವರೆಗೇ ಮುಗೀತು. ಗಿರಾಕಿ ಬಟ್ಟೆ ಬಿಡಿಸಿ ನೋಡೋದಿಲ್ಲ, ಗಡಿಯಾರ ನೋಡ್ತಾನೆ. ಬಸ್ಸಿನ ಟಾಪಿನ ಮೇಲೆ ಹೋಗುತ್ತಿದ್ದ ಮೂಟೆ, ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದ ಔಷಧಿ ಪೊಟ್ಟಣ, ರಿಪೇರಿಯಾದ ಪಂಪಿನ ಭಾಗ ಎಲ್ಲಕ್ಕೂ ಈಗ ಬೇರೆ ಗಾಡಿ, ಬೇರೆ ಬಾಡಿಗೆ.

ಮೊದಲು ಹಳ್ಳಿಗಳಲ್ಲಿ ನೈಟ್ ಹಾಲ್ಟ್ ಬಸ್ಸು ಅಂತ ಇರುತ್ತಿತ್ತು. ರಾತ್ರಿ ಹೋಗಿ ಅಲ್ಲೇ ಮಲಗಿ, ಬೆಳಗ್ಗೆ ಮಂಜಿನಲ್ಲೇ ಹೊರಡುವ ಬಸ್ಸು. ಆ ಒಂದು ಬಸ್ಸಿನಲ್ಲಿ ಕಾಲೇಜು, ಕೋರ್ಟು, ಆಸ್ಪತ್ರೆ, ತಾಲೂಕಾಫೀಸು ಎಲ್ಲ ಅಡಕ. ಅದು ನಿಂತರೆ ಗಂಡುಹುಡುಗ ಹೇಗೋ ಯಾರದೋ ಬೈಕಿನ ಹಿಂದೆ ಕೂತು ಬರ್ತಾನೆ. ಹುಡುಗಿಯ ವಿಷಯಕ್ಕೆ ಮನೆಯಲ್ಲಿ ಬೇರೆ ತೀರ್ಮಾನ ಆಗುತ್ತೆ. ಶಕ್ತಿ ಯಾರಿಗಾಗಿ ಬಂತೋ ಅವಳೇ ದಾರಿಯಲ್ಲಿ ಉಳಿದಳು.

ಬಸ್ಸಿಲ್ಲದ ಜಾಗಕ್ಕೆ ಜೀಪು ಬಂದಿದೆ. ಕಷ್ಟಕ್ಕೆ ಆಗುವವರು ಅವರೇ, ದೂರುವಂತಿಲ್ಲ. ಆದರೆ ಸ್ವಂತ ಬಳಕೆಯ ವಿಮೆ ಇರುವ ಗಾಡಿಯಲ್ಲಿ ಬಾಡಿಗೆಗೆ ಜನ ತುಂಬಿ, ಏನಾದರೂ ಆದರೆ ಪರಿಹಾರಕ್ಕೆ ಕೋರ್ಟಿನ ಮೆಟ್ಟಿಲು ಸವೆಸಬೇಕು.

ಕೀಲಿಕೈ ಎಲ್ಲಿದೆ?

ಜಿಲ್ಲಾಧಿಕಾರಿಗಳ ಕಚೇರಿಯಲ್ಲೇ ಇದೆ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು, ಆರ್‌ಟಿಓ ಕಾರ್ಯದರ್ಶಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಪರ್ಮಿಟ್ ಕೊಡುವಾಗ ದಿನಕ್ಕೆ ಕನಿಷ್ಠ ಇಷ್ಟು ಟ್ರಿಪ್ ಓಡಿಸಲೇಬೇಕು, ಇದೇ ಟೈಮಿಗೆ ಓಡಿಸಬೇಕು ಅಂತ ಷರತ್ತು ಹಾಕುವ ಅಧಿಕಾರ ಈ ಪ್ರಾಧಿಕಾರಕ್ಕಿದೆ. ಮದುವೆ ಸೀಸನ್ ಬಂತು, ಬಸ್ಸು ಸ್ಪೆಷಲ್ ಹೋಯಿತು, ಟ್ರಿಪ್ ಕಟ್. ಭಾನುವಾರ ಜನ ಕಮ್ಮಿ, ಟ್ರಿಪ್ ಕಟ್. ಹೀಗೆ ಕಟ್ ಮಾಡುವವರನ್ನು ಕರೆಸಿ ಕೇಳುವುದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಒಳ್ಳೆ ಕಲೆಕ್ಷನ್ ಇರುವ ಮೇನ್ ರೋಡಿನ ಪರ್ಮಿಟ್ ಬೇಕೆ? ಜೊತೆಗೆ ಒಂದು ಒಳಹಳ್ಳಿಯ ಟ್ರಿಪ್ಪೂ ತಗೊಳ್ಳಿ ಅಂತ ಹೇಳುವ ಧೈರ್ಯ ಬೇಕು.

ಆದರೆ ಬರೀ ಬೆತ್ತದಿಂದ ಬಸ್ಸು ಓಡದು, ಡೀಸೆಲ್ಲೂ ಬೇಕು. ಪಕ್ಕದ ಕೇರಳ 2022ರ ಜುಲೈನಲ್ಲಿ ಗ್ರಾಮವಂಡಿ ಅಂತ ಶುರುಮಾಡಿತು. ಪಂಚಾಯ್ತಿಯವರು ಇಂಧನದ ಖರ್ಚು ಕೊಡುತ್ತಾರೆ. ಬಸ್ಸು, ಸಿಬ್ಬಂದಿ ಸರ್ಕಾರಿ ನಿಗಮದ್ದು. ಎಲ್ಲಿಗೆ, ಎಷ್ಟು ಹೊತ್ತಿಗೆ ಬಸ್ಸು ಬೇಕು ಅಂತ ಹೇಳುವುದರಲ್ಲಿ ಪಂಚಾಯ್ತಿಗೂ ಮಾತಿದೆ. ಅವರದ್ದೂ ಗುಡ್ಡದ ನಾಡೇ ತಾನೆ?

ದೊಡ್ಡ ಬಸ್ಸೇ ಬೇಕೆಂಬ ಹಟವೂ ಬೇಡ. ಹದಿನಾಲ್ಕು ಹೇರ್‌ಪಿನ್ ತಿರುವಿನ ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸುಗಳು ಎಷ್ಟೋ ವರ್ಷಗಳಿಂದ ಜನರನ್ನು ಹತ್ತಿಸಿ ಇಳಿಸಿವೆ. ಹಳ್ಳಿಯ ರಸ್ತೆಗೂ ಅದೇ ಅಳತೆ ಸರಿ.

ಹಾಗೇ, ಶಕ್ತಿಯ ಬಾಬ್ತು ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುತ್ತದೆ. ಸರ್ಕಾರಿ ಬಸ್ಸು ಕಾಲಿಡದ ರೂಟಿನಲ್ಲಿ ಅದೇ ಹಣವನ್ನು ಖಾಸಗಿ ಬಸ್ಸಿಗೆ ಕೊಟ್ಟರೆ ಏನು ಗಂಟು ಹೋಗುತ್ತೆ? ಈ ಬೇಡಿಕೆ 2023ರಲ್ಲೇ ಎದ್ದಿತ್ತು.

ಮೊದಲು ಆಗಬೇಕಾದ ಕೆಲಸಕ್ಕೆ ನಯಾಪೈಸೆ ಖರ್ಚಿಲ್ಲ. ಒಪ್ಪಿಗೆಯಾದ ಟೈಮಿಂಗ್ ಪಟ್ಟಿಯನ್ನು ಪ್ರತಿ ಬಸ್‌ಸ್ಟ್ಯಾಂಡಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಲಿ. ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸು ಹೋಗಬೇಕು ಅಂತ ಜನಕ್ಕೆ ಗೊತ್ತಾದರೆ, ಹೋಗದ ದಿನ ಯಾರನ್ನು ಕೇಳಬೇಕು ಅನ್ನೋದೂ ಗೊತ್ತಾಗುತ್ತೆ. ಕೇಳುವ ಅರ್ಜಿಗೆ ಊರಿನವರ ಜೊತೆ ಪೇಟೆಯ ಅಂಗಡಿಯವರ ರುಜುವೂ ಬೀಳಲಿ.