ಎಷ್ಟು ಎಎಚ್ ಅಂತ ಆಮೇಲೆ ಕೇಳಿ, ಬ್ಯಾಟರಿ ಚಾರ್ಜ್‌ಗೆ ಎಲ್ಲಿಡ್ತೀರಿ ಅದನ್ನ ಮೊದಲು ಹೇಳಿ

"ಅಣ್ಣ, ಸ್ಪ್ರೇಯರ್‌ಗೆ ಲಿಥಿಯಂ ಬ್ಯಾಟರಿ ಹಾಕಿಸ್ಬೋದಾ? ಎಷ್ಟು ಎಎಚ್‌ದು ತಗೊಳ್ಳಲಿ?"

ಈ ಸೀಸನ್‌ನಲ್ಲಿ ಬೇವಿನೆಣ್ಣೆ ಎಷ್ಟು ಮಿಲಿ ಹಾಕಬೇಕು ಅಂತ ಕೇಳಿದವರಿಗಿಂತ ಇದನ್ನು ಕೇಳಿದವರೇ ಜಾಸ್ತಿ. ಕೇಳುವವರೆಲ್ಲ ಇಪ್ಪತ್ತರಿಂದ ಮೂವತ್ತರೊಳಗಿನ ಹುಡುಗರು. ಬೆನ್ನ ಮೇಲೆ ಹದಿನಾರು ಲೀಟರ್ ನೀರು ಹೊತ್ತು, ಅದರ ಜೊತೆ ಎರಡೂವರೆ ಕೆಜಿ ಲೆಡ್ ಆಸಿಡ್ ಬ್ಯಾಟರಿಯನ್ನೂ ಹೊತ್ತವರಿಗೆ ಈ ಆಸೆ ಬರೋದು ಸಹಜ. ನಾನೂ ಹಾಕಿಸಿದ್ದೀನಿ. ಆದರೆ ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ: ರಾತ್ರಿ ಅದನ್ನ ಎಲ್ಲಿ ಚಾರ್ಜ್‌ಗೆ ಹಾಕ್ತೀರಿ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮದು ತಿಪಟೂರು ಸೀಮೆ. ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರುತ್ತೆ. ಸಿಪ್ಪೆ ಒಣಗಿ, ಒಳಗೆ ಎಣ್ಣೆ ತುಂಬಿದ ಕಾಯಿ. ಅದರ ಕೆಳಗೆ ನಡುಮನೆ, ನಡುಮನೆ ಮೂಲೆಯಲ್ಲಿ ಪ್ಲಗ್ ಬೋರ್ಡ್, ಬೋರ್ಡ್ ಕೆಳಗೆ ಸ್ಪ್ರೇಯರ್. ಎರಡು ವರ್ಷದ ಹಿಂದೆ ಹಳೆ ಬ್ಯಾಟರಿ ಸತ್ತಾಗ ಪೇಟೆಯಲ್ಲಿ ಒಂದು ಅಂಗಡಿಯಿಂದ ಲಿಥಿಯಂ ಪ್ಯಾಕ್ ತಂದೆ. ನೀಲಿ ಪ್ಲಾಸ್ಟಿಕ್ ಸುತ್ತಿದ್ದು, ಬಿಲ್ ಇಲ್ಲ, ಕಂಪನಿ ಹೆಸರಿಲ್ಲ. "ಹಳೆ ಚಾರ್ಜರ್ರೇ ಆಗುತ್ತೆ ಸಾರ್, ಪಿನ್ ಒಂದೇ" ಅಂದರು. ಪಿನ್ ಒಂದೇ ಇತ್ತು, ನಿಜ.

ಐದನೇದೋ ಆರನೇದೋ ಸಲ ಚಾರ್ಜ್‌ಗೆ ಹಾಕಿದ ರಾತ್ರಿ ಅಪ್ಪ ಬಂದು ಎಬ್ಬಿಸಿದರು. "ಎದ್ದೇಳ್ಲಾ, ಎಂಥದೋ ವಾಸ್ನೆ ಬತ್ತೈತೆ." ಸುಟ್ಟ ವಾಸನೆ ಅಲ್ಲ, ಬಣ್ಣಕ್ಕೆ ಹಾಕೋ ಥಿನ್ನರ್ ಥರ, ಸ್ವಲ್ಪ ಸಿಹಿಯಾದ ವಾಸನೆ. ಸ್ಪ್ರೇಯರ್ ತಳದ ಪ್ಲಾಸ್ಟಿಕ್ ಮುಟ್ಟೋಕಾಗದಷ್ಟು ಬಿಸಿಯಾಗಿತ್ತು. ಪ್ಲಗ್ ಕಿತ್ತು, ಸ್ಪ್ರೇಯರ್ ಪಟ್ಟಿ ಹಿಡಿದು ಎಳಕೊಂಡು ಹೋಗಿ ಅಂಗಳದ ನಡುವೆ ಇಟ್ಟು ಬಿಂದಿಗೆಗಟ್ಟಲೆ ನೀರು ಸುರಿದೆ. ಬೆಂಕಿ ಹತ್ತಲಿಲ್ಲ. ಹತ್ತಿದ್ದರೆ ಒಂದು ವರ್ಷದ ಕೊಬ್ಬರಿ ಮಾತ್ರ ಹೋಗ್ತಿರಲಿಲ್ಲ. ನಾನು ಎಳಕೊಂಡು ಹೋದದ್ದನ್ನ ನೀವು ಮಾಡಬೇಡಿ. ಹೊಗೆ ಕಂಡರೆ ಮೇನ್ ಸ್ವಿಚ್ ಆಫ್ ಮಾಡಿ, ಮನೆಯವರನ್ನೆಲ್ಲ ಹೊರಗೆ ಕಳಿಸಿ. ಆ ಹೊಗೆ ವಿಷ.

ಆಗಿದ್ದೇನು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಪ್ಯಾಕ್ ಮೇಲೆ 11.1 ವೋಲ್ಟ್ ಅಂತ ಇತ್ತು. ಅಂದರೆ 3.7 ವೋಲ್ಟಿನ ಸೆಲ್ ಮೂರು ಸಾಲಾಗಿ. ಈ ಜಾತಿಯ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ಮೂರಕ್ಕೆ 12.6. ಅದರ ಮೇಲೆ ಹೋಗಬಾರದು. ಲೆಡ್ ಆಸಿಡ್ ಚಾರ್ಜರ್ 14.4 ವೋಲ್ಟಿನ ಹತ್ತಿರ ಕೊಡುತ್ತೆ. ಮೂರರಿಂದ ಭಾಗಿಸಿ: ಒಂದೊಂದು ಸೆಲ್‌ಗೆ 4.8. ಹೆಚ್ಚಾದಾಗ ಕತ್ತರಿಸೋಕೆ ಅಂತಾನೇ ಒಳಗೆ ಬಿಎಂಎಸ್ ಅನ್ನೋ ಸಣ್ಣ ಸರ್ಕ್ಯೂಟ್ ಇರಬೇಕು. ಮಾರನೇ ವಾರ ಮೆಕಾನಿಕ್ ಹತ್ರ ಬಿಚ್ಚಿಸಿದರೆ ಅದು ಇರಲೇ ಇಲ್ಲ. ಸೆಲ್‌ಗಳು, ಬೆಸುಗೆ ಪಟ್ಟಿ, ಎರಡು ವೈರ್. ಅಷ್ಟೇ.

ತೋಟಗಾರಿಕೆ ಪದವಿ ಓದಿದವನು, ಬೀಜದ ಪ್ಯಾಕೆಟ್ ಮೇಲಿನ ಮೊಳಕೆ ಪ್ರಮಾಣ, ಲಾಟ್ ನಂಬರ್, ಕೊನೇ ದಿನಾಂಕ ಓದದೆ ಕೊಳ್ಳಬೇಡಿ ಅಂತ ಊರೆಲ್ಲ ಹೇಳ್ಕೊಂಡು ತಿರುಗೋನು. ಬ್ಯಾಟರಿ ಲೇಬಲ್ ಓದಿರಲಿಲ್ಲ.

ಅದಕ್ಕೇ ಈಗ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿದೆ. ರೈತರ ಮನೆಗೆ ಬ್ಯಾಟರಿ ಆರಿಸುವಾಗ ಎಂಎಎಚ್ ಕೊನೇ ಪ್ರಶ್ನೆ. ಮೊದಲನೇದು ಒಳಗಿರುವ ರಸಾಯನ ಯಾವುದು, ಎರಡನೇದು ಬಿಎಂಎಸ್ ಮತ್ತು ಚಾರ್ಜರ್. ಪೇಟೆ ಮನೆಯಲ್ಲಿ ಬ್ಯಾಟರಿ ಟೈಲ್ಸ್ ನೆಲದ ಮೇಲೆ ಕೂತಿರುತ್ತೆ. ನಮ್ಮಲ್ಲಿ ಕೊಬ್ಬರಿ ಅಟ್ಟದ ಕೆಳಗೆ, ಹುಲ್ಲಿನ ಮೆದೆ ಪಕ್ಕದ ಶೆಡ್ಡಲ್ಲಿ, ಅಡಿಕೆ ಮೂಟೆ ಮಗ್ಗುಲಲ್ಲಿ, ಗೋಣಿಚೀಲದ ಮೇಲೆ ಇರುತ್ತೆ.

ಲಿಥಿಯಂ ಅಂದರೆ ಒಂದೇ ಅಲ್ಲ. ಫೋನು, ಪವರ್ ಬ್ಯಾಂಕು, ಟಾರ್ಚುಗಳಲ್ಲಿ ಇರೋದು ಹೆಚ್ಚಾಗಿ ಕೋಬಾಲ್ಟ್, ನಿಕ್ಕಲ್ ಇರುವ ಜಾತಿ. ಸಣ್ಣ ಜಾಗದಲ್ಲಿ ಜಾಸ್ತಿ ಶಕ್ತಿ, ಕೆಟ್ಟರೆ ಕೋಪವೂ ಜಾಸ್ತಿ. ಇನ್ನೊಂದು ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ ಅಂತಾರೆ. 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಜಾನ್ ಗುಡಿನಫ್ ಅವರ ತಂಡ 1997ರಲ್ಲಿ ಇದನ್ನು ಮುಂದಿಟ್ಟಿತು. ಇದು ಅಷ್ಟೇ ಶಕ್ತಿಗೆ ಸ್ವಲ್ಪ ದಪ್ಪ, ಸ್ವಲ್ಪ ಭಾರ. ಆದರೆ ಬಿಸಿಗೆ ಬೇಗ ಕೆರಳಲ್ಲ, ಮತ್ತು ಸರಿಯಾಗಿ ನೋಡಿಕೊಂಡರೆ ಸಾವಿರಾರು ಸಲ ಚಾರ್ಜ್ ಆಗುತ್ತೆ. ಲೆಡ್ ಆಸಿಡ್ ಮುನ್ನೂರು ನಾನೂರು ಸಲಕ್ಕೆ ಸುಸ್ತಾಗುತ್ತೆ. "ಎಲ್‌ಎಫ್‌ಪಿ ಸುಡೋದೇ ಇಲ್ಲ" ಅಂತ ಮಾರುವವರೂ ಇದ್ದಾರೆ, ಅದನ್ನ ನಂಬಬೇಡಿ. ಸುಡೋದು ಕಷ್ಟ, ಅಸಾಧ್ಯ ಅಲ್ಲ.

ಗುರುತು ಹಿಡಿಯೋದು ಸುಲಭ. ಎಲ್‌ಎಫ್‌ಪಿ ಸೆಲ್ 3.2 ವೋಲ್ಟ್. ನಾಲ್ಕು ಸೇರಿದರೆ 12.8. ಸ್ಪ್ರೇಯರ್ ಪ್ಯಾಕ್ ಮೇಲೆ 12.8 ಅಂತ ಇದ್ದರೆ ಎಲ್‌ಎಫ್‌ಪಿ. 11.1 ಅಥವಾ 14.8 ಇದ್ದರೆ ಇನ್ನೊಂದು ಜಾತಿ. ಬರೀ "12ವಿ ಲಿಥಿಯಂ" ಅಂತ ದೊಡ್ಡಕ್ಷರದಲ್ಲಿ ಬರೆದು ಬೇರೇನೂ ಇಲ್ಲದಿದ್ದರೆ ವಾಪಸ್ ಇಟ್ಟು ಬನ್ನಿ. ಸ್ಪ್ರೇಯರ್, ಶೆಡ್ಡಿನ ಸೋಲಾರ್ ದೀಪ, ಮನೆ ಇನ್ವರ್ಟರ್, ಇಷ್ಟಕ್ಕೂ ನಾನು ಎಲ್‌ಎಫ್‌ಪಿ ಬಿಟ್ಟು ಬೇರೆ ಹೇಳಲ್ಲ. ಇಲ್ಲಿ ಭಾರ ಸ್ವಲ್ಪ ಜಾಸ್ತಿಯಾದರೂ ನಷ್ಟವಿಲ್ಲ.

ಇನ್ನು ಎಎಚ್ ವಿಷಯ. ಹಳೇದು 12 ವೋಲ್ಟ್ 8 ಎಎಚ್, ಗುಣಿಸಿದರೆ 96 ವ್ಯಾಟ್ ಅವರ್. 12.8 ವೋಲ್ಟ್ 6 ಎಎಚ್ ಎಲ್‌ಎಫ್‌ಪಿ ಸುಮಾರು 77. ಕಾಗದದ ಮೇಲೆ ಕಡಿಮೆ. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬಸಿದರೆ ಅದರ ಆಯಸ್ಸು ಕಡಿಮೆ. ಎಲ್‌ಎಫ್‌ಪಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಹಾಗಾಗಿ 8ಕ್ಕೆ 8 ಹುಡುಕಬೇಕಿಲ್ಲ, ಆರು ಸಾಕು. ತೂಕವೂ ಒಂದು ಕೆಜಿಯ ಆಸುಪಾಸಿಗೆ ಬರುತ್ತೆ. ನನ್ನ ಪ್ರಕಾರ ತೂಕಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ನಾವು ಸ್ಪ್ರೇಯರನ್ನ ಹತ್ತು ದಿನ ಬಳಸಿ ಮೂರು ತಿಂಗಳು ಮೂಲೆಗೆ ಬಿಸಾಕ್ತೀವಿ. ಖಾಲಿಯಾಗಿ ಕೂತ ಲೆಡ್ ಆಸಿಡ್ ಒಳಗೆ ಸಲ್ಫೇಟ್ ಕಟ್ಟಿ ಸಾಯುತ್ತೆ. ಎಲ್‌ಎಫ್‌ಪಿಯನ್ನ ಅರ್ಧ ಚಾರ್ಜಲ್ಲಿ ಇಟ್ಟು ಮರೆತರೂ ಮೂರು ತಿಂಗಳಿಗೆ ಏನೂ ಆಗಲ್ಲ.

ಬೆಲೆ ನಾನು ಕೊಟ್ಟ ಮಟ್ಟಿಗೆ ಸುಮಾರು ಎರಡರಷ್ಟು. ಹಳೇ ಬ್ಯಾಟರಿ ಇನ್ನೂ ಚೆನ್ನಾಗಿ ಓಡ್ತಿದ್ದರೆ, ವರ್ಷಕ್ಕೆ ನಾಲ್ಕು ಸಲ ಸಿಂಪಡಿಸೋರಾದರೆ, ಬದಲಾಯಿಸಲೇಬೇಡಿ. ಹೊಸದು ಬಂದಿದೆ ಅನ್ನೋದು ಒಂದು ಕಾರಣ ಅಲ್ಲ.

ಚಾರ್ಜರ್ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ನಾಲ್ಕು ಸೆಲ್‌ನ ಎಲ್‌ಎಫ್‌ಪಿಗೆ 14.6 ವೋಲ್ಟಿನ ಚಾರ್ಜರ್ ಬೇರೇನೇ ಬರುತ್ತೆ, ಪ್ಯಾಕ್ ಜೊತೆಗೇ ಕೊಳ್ಳಿ. ಹಳೇ ಚಾರ್ಜರ್ ಮನೆಯಲ್ಲಿ ಇರಲೇಬಾರದು. ನಿಮಗೆ ನೆನಪಿರುತ್ತೆ, ಅಮ್ಮನಿಗೋ ತಮ್ಮನಿಗೋ ಹೇಗೆ ಗೊತ್ತಾಗಬೇಕು? ಪಿನ್ ಕೂರುತ್ತೆ, ಲೈಟ್ ಹತ್ತುತ್ತೆ, ಹಾಕ್ತಾರೆ. ನಾನು ಹೊಸ ಚಾರ್ಜರ್‌ಗೂ ಸ್ಪ್ರೇಯರ್‌ಗೂ ಟ್ರ್ಯಾಕ್ಟರ್ ಪೇಂಟಲ್ಲಿ ಒಂದೊಂದು ಕೆಂಪು ಬೊಟ್ಟು ಇಟ್ಟಿದ್ದೀನಿ.

ಈಗ ಟಾರ್ಚಿಗೆ ಬರೋಣ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಬರುವ ಕಡೆ ವಾಲ್ವ್ ತಿರುಗಿಸೋಕೆ ಒಂದು ಗಂಟೆಗೆ ಎದ್ದು ಹೋಗೋರಿಗೆ ತಲೆಗೆ ಕಟ್ಟುವ ಟಾರ್ಚ್ ಏನು ಅಂತ ಹೇಳಬೇಕಾಗಿಲ್ಲ. ನನ್ನ ಟಾರ್ಚಿನ ಸೆಲ್ ಹೋದಾಗ ಆನ್‌ಲೈನಲ್ಲಿ "9900 ಎಂಎಎಚ್" ಅಂತ ಬರೆದ ಎರಡು ಸೆಲ್ ತರಿಸಿದ್ದೆ. ಮೂರನೇ ರಾತ್ರಿ ಬದು ನಡುವೆ ಆರಿಹೋಯಿತು. ಮಂಕಾಗಿ ಸೂಚನೆ ಕೊಟ್ಟು ಆರಲಿಲ್ಲ, ಒಮ್ಮೆಲೇ ಕತ್ತಲು. ಫೋನಿನ ಬೆಳಕಲ್ಲಿ ವಾಪಸ್ ಬಂದೆ. ಮಂಡಲದ ಹಾವು ಓಡಾಡುವ ಜಾಗ ಅದು.

ಆ ಸೆಲ್‌ಗೆ 18650 ಅಂತ ಹೆಸರು. 18 ಮಿಮೀ ದಪ್ಪ, 65 ಮಿಮೀ ಉದ್ದ ಅನ್ನೋದೇ ಅದರರ್ಥ. ಆ ಅಳತೆಯೊಳಗೆ ಒಳ್ಳೇ ಕಂಪನಿಗಳಿಗೇ ತುಂಬೋಕೆ ಆಗಿರೋದು ಸುಮಾರು 3500 ಎಂಎಎಚ್. 9900 ಅನ್ನೋದು ಒಂದು ಎಕರೆಗೆ ಇನ್ನೂರು ಕ್ವಿಂಟಾಲ್ ರಾಗಿ ಅಂದ ಹಾಗೆ. ನಂಬರ್ ದೊಡ್ಡದಾದಷ್ಟೂ ಸುಳ್ಳು ದೊಡ್ಡದು. ತರಕಾರಿ ಬೀಜ ತೂಗುವ ನನ್ನ ಸಣ್ಣ ಡಿಜಿಟಲ್ ತಕ್ಕಡಿ ಮೇಲೆ ಇಟ್ಟರೆ ಒಂದು 33 ಗ್ರಾಂ. ಈ ಜಾತಿಯ ನಿಜವಾದ ಸೆಲ್ 45 ಗ್ರಾಂ ಹತ್ತಿರ ಇರುತ್ತೆ. ತೂಕ ಸರಿಯಿದ್ದ ಮಾತ್ರಕ್ಕೆ ಒಳ್ಳೇದು ಅನ್ನೋಕಾಗಲ್ಲ, ಆದರೆ ಇಷ್ಟು ಹಗುರ ಇದ್ದರೆ ಕೆಟ್ಟದ್ದು ಅನ್ನಬಹುದು. 2500, 3000 ಅಂತ ಸುಮ್ಮನೆ ಬರೆದಿರೋ ಸೆಲ್ ನಂಬಿಕೆಗೆ ಹತ್ತಿರ.

ಪವರ್ ಬ್ಯಾಂಕಲ್ಲೂ ಅರ್ಧ ಕಥೆ ಇದೇ. 10000 ಎಂಎಎಚ್ ಅನ್ನೋದು ಒಳಗಿನ 3.7 ವೋಲ್ಟಿನ ಲೆಕ್ಕ. 37 ವ್ಯಾಟ್ ಅವರ್. ಹೊರಗೆ 5 ವೋಲ್ಟಲ್ಲಿ ಬರುವಾಗ ಆರು ಸಾವಿರದ ಹತ್ತಿರ ಸಿಗುತ್ತೆ. ಇದು ಮೋಸ ಅಲ್ಲ, ಹಿಂಭಾಗದಲ್ಲಿ ರೇಟೆಡ್ ಕೆಪ್ಯಾಸಿಟಿ ಅಂತ ಸಣ್ಣಕ್ಷರದಲ್ಲಿ ಬರೆದಿರ್ತಾರೆ. ಅದನ್ನೇ ಬರೆಯದವರನ್ನ ದೂರ ಇಡಿ.

ಗೋಡೆ ಗಡಿಯಾರ, ರಿಮೋಟಿಗೆ ಲಿಥಿಯಂ ಬೇಕೇ ಬೇಕಿಲ್ಲ. ಪೆನ್ಸಿಲ್ ಸೆಲ್ ಗಾತ್ರದ 14500 ಅನ್ನೋ ಲಿಥಿಯಂ ಸೆಲ್ ಸಿಗುತ್ತೆ. ನೋಡೋಕೆ ಎಎ ಥರಾನೇ, ಆದರೆ 3.7 ವೋಲ್ಟ್. 1.5 ವೋಲ್ಟಿನ ಸಾಧನಕ್ಕೆ ಹಾಕಿದರೆ ಸುಟ್ಟು ಕೂರುತ್ತೆ. ಮನೆಯಲ್ಲಿ ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ.

ಕೈಯಲ್ಲಿ ಫೋನಿದೆಯಲ್ಲ, ಒಂದು ಕೆಲಸಕ್ಕೆ ಬಳಸಿ. ನಮ್ಮ ದೇಶದಲ್ಲಿ ಮಾರುವ ಲಿಥಿಯಂ ಬ್ಯಾಟರಿಗೆ ಬಿಐಎಸ್ ನೋಂದಣಿ ಕಡ್ಡಾಯ. ಐಎಸ್ 16046 ಅಂತಲೂ, ಆರ್ ಅಕ್ಷರದಿಂದ ಶುರುವಾಗುವ ಒಂದು ನಂಬರ್ ಅಂತಲೂ ಮೇಲೆ ಇರಬೇಕು. ಬಿಐಎಸ್ ಕೇರ್ ಆ್ಯಪಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಲ್ಲಿದೆ, ಯಾವ ವಸ್ತುವಿಗೆ ಕೊಟ್ಟದ್ದು ಅಂತ ಬರುತ್ತೆ. ಅಂಗಡಿಯಲ್ಲೇ ನಿಂತು ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಅದೂ ಒಂದು ಉತ್ತರಾನೇ.

ನಾನೀಗ ಸ್ಪ್ರೇಯರ್ ಚಾರ್ಜ್ ಮಾಡೋದು ಜಗಲಿಯ ಕಲ್ಲು ಚಪ್ಪಡಿ ಮೇಲೆ, ಸಂಜೆ ಹೊತ್ತು, ಮಲಗೋಕೆ ಮುಂಚೆ ಪ್ಲಗ್ ತೆಗೀತೀನಿ. ಸಿಂಪಡಣೆ ಮುಗಿಸಿ ಬಂದ ತಕ್ಷಣ ಹಾಕಲ್ಲ, ಅರ್ಧ ಗಂಟೆ ತಣಿಯಲಿ ಅಂತ ಬಿಡ್ತೀನಿ. ಬೇಸಿಗೆಯಲ್ಲಿ ತಗಡಿನ ಶೆಡ್ ಒಳಗೆ ಹಗಲು ಚಾರ್ಜ್ ಬೇಡವೇ ಬೇಡ. 45 ಡಿಗ್ರಿ ದಾಟಿದ ಮೇಲೆ ಈ ಬ್ಯಾಟರಿಗಳಿಗೆ ಚಾರ್ಜ್ ಮಾಡಬಾರದು, ಶಿವರಾತ್ರಿ ಕಳೆದ ಮೇಲೆ ತಗಡಿನ ಕೆಳಗೆ ಅದು ದಾಟೋದು ಏನೂ ಕಷ್ಟವಿಲ್ಲ.

ಕೊನೆಗೊಂದು ತಕರಾರು ಇದೆ. ಲೆಡ್ ಆಸಿಡ್‌ಗೆ ಒಂದು ದೊಡ್ಡ ಗುಣ ಇತ್ತು: ಸತ್ತ ಮೇಲೂ ಗುಜರಿಯವರು ದುಡ್ಡು ಕೊಟ್ಟು ಒಯ್ಯುತ್ತಿದ್ದರು. ಸತ್ತ ಲಿಥಿಯಂ ಸೆಲ್ ನಮ್ಮ ಕಡೆ ಯಾರಿಗೂ ಬೇಡ. ಹಾಗಾಗಿ ತಿಪ್ಪೆಗೆ ಹೋಗುತ್ತೆ. ಹೋದ ವರ್ಷ ಕೊಟ್ಟಿಗೆ ಗೊಬ್ಬರ ಜರಡಿ ಹಿಡಿಯುವಾಗ ತುಕ್ಕು ಹಿಡಿದ ಎರಡು ಸೆಲ್ ಸಿಕ್ಕವು. ಒಂದು ಹಿಡಿ ಯೂರಿಯಾ ಮುಟ್ಟದ ತೋಟಕ್ಕೆ ನಿಕ್ಕಲ್, ಕೋಬಾಲ್ಟ್ ನಾವೇ ಕೈಯಾರೆ ಹಾಕ್ತಿದ್ದೀವಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ನನಗೆ ಆ ಪ್ಯಾಕ್ ಮಾರಿದ ಅಂಗಡಿಯಲ್ಲಿ ಕೇಳಿದರೆ, "ಎಲ್ಲಾದ್ರೂ ಎಸೀರಿ ಸಾರ್" ಅಂದರು.

ಎಸೆದಿಲ್ಲ. ಎರಡೂ ತುದಿಗೆ ಟೇಪ್ ಸುತ್ತಿ, ಒಣ ಮರಳು ತುಂಬಿದ ಮಡಕೆಯಲ್ಲಿ ಹಾಕಿ, ಮನೆಯಿಂದ ದೂರ ಪಂಪ್‌ಹೌಸ್ ಹಿಂದಿನ ನೆರಳಲ್ಲಿ ಮಳೆ ಬೀಳದ ಕಡೆ ಇಟ್ಟಿದ್ದೀನಿ. ಸದ್ಯಕ್ಕೆ ಹನ್ನೊಂದು ಸೆಲ್ ಇವೆ, ಅದರಲ್ಲಿ ನಾಲ್ಕು ಪಕ್ಕದ ತೋಟದವರು ತಂದುಕೊಟ್ಟದ್ದು. ಬೆಂಗಳೂರಿಗೆ ತರಕಾರಿ ಗಾಡಿ ಹೋಗುವಾಗ ಇ-ತ್ಯಾಜ್ಯ ತಗೊಳ್ಳೋರ ಹತ್ರ ಮುಟ್ಟಿಸಬೇಕು. ನಿಮ್ಮೂರಲ್ಲಿ ಒಂದು ಮಡಕೆ ಇಡೋಕೆ ಯಾರಾದರೂ ಮುಂದೆ ಬಂದರೆ, ಮುಂದಿನ ಸಲ ಗಾಡಿ ಹೋಗುವ ದಿನ ನಾನೇ ತಿಳಿಸ್ತೀನಿ.